ಕಂಪನಿಗಳು ಕೂಡಿದವು, ಪಟ್ಟಿ ಕೂಡಲಿಲ್ಲ

ನಮ್ಮ ಅಜ್ಜನ ಟ್ರಂಕಿನಲ್ಲಿ ಟೈಪ್ ಮಾಡಿದ ಹಾಳೆಗಳ ಒಂದು ಕಟ್ಟು ಇತ್ತು. ಅದರಲ್ಲಿ ಹೆಸರು, ಸೇವೆಗೆ ಸೇರಿದ ತಾರೀಖು, ಹುದ್ದೆ, ಸಂಬಳ ಸಾಲಾಗಿದ್ದವು. ಒಂದು ಹೆಸರಿನ ಕೆಳಗೆ ಮಾತ್ರ ಕೆಂಪು ಪೆನ್ಸಿಲ್ಲಿನ ಗೆರೆ. ಅದು ಅಜ್ಜನದೇ ಹೆಸರು. ರಾಯಚೂರಿನಲ್ಲಿ ಹೈದರಾಬಾದ್ ಸಂಸ್ಥಾನದ ಕಾಲಕ್ಕೆ ಗುಮಾಸ್ತರಾಗಿ ಸೇರಿದವರು, ಉರ್ದುವಿನಲ್ಲಿ ಕಡತ ಬರೆದವರು. 1956ರ ನವೆಂಬರ್ 1ರಂದು ಊರು ಬಿಡದೆ, ಕುರ್ಚಿ ಬಿಡದೆ ಮೈಸೂರು ರಾಜ್ಯದ ನೌಕರರಾದರು. ಆಮೇಲೆ ಬಂದದ್ದು ಈ ಜ್ಯೇಷ್ಠತಾ ಪಟ್ಟಿ. ತಮಗಿಂತ ಎಷ್ಟೋ ತಡವಾಗಿ ಬೇರೆ ಪ್ರಾಂತ್ಯದಲ್ಲಿ ಸೇರಿದವರ ಹೆಸರುಗಳು ತಮ್ಮ ಹೆಸರಿಗಿಂತ ಮೇಲೆ ಕೂತಿದ್ದವು. "ನೌಕ್ರಿ ಹೋಗ್ಲಿಲ್ಲ, ಪಗಾರ ಹೋಗ್ಲಿಲ್ಲ. ನಂಬರ್ ಹೋತು ನೋಡು" ಅನ್ನುತ್ತಿದ್ದರು. ಚಿಕ್ಕವನಿದ್ದಾಗ ನನಗೆ ಅದು ಅರ್ಥವಾಗುತ್ತಿರಲಿಲ್ಲ.

2024ರ ಏಪ್ರಿಲ್‌ನಲ್ಲಿ ವಿಸ್ತಾರ ವಿಮಾನಗಳು ಸಾಲುಸಾಲಾಗಿ ರದ್ದಾದಾಗ ಆ ಮಾತು ನೆನಪಾಯಿತು. ಏರ್ ಇಂಡಿಯಾದೊಳಗೆ ವಿಲೀನವಾಗಲಿದ್ದ ಕಂಪನಿ ಅದು. ಹೊಸ ಸಂಬಳದ ಕರಾರು ಒಪ್ಪಿಗೆಯಾಗದ ಪೈಲಟ್‌ಗಳು ಗುಂಪುಗುಂಪಾಗಿ ಸಿಕ್ ಲೀವ್ ಹಾಕಿದರು. ಕೊನೆಗೆ ಕಂಪನಿ ದಿನಕ್ಕೆ 25ರಿಂದ 30 ಹಾರಾಟ ಕಡಿಮೆ ಮಾಡಿತು. ಬಳ್ಳಾರಿಯ ನಮ್ಮ ಮನೆಯ ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದ ಮಾವ ಕೇಳಿದರು: "ತಿಂಗಳಿಗೆ ಲಕ್ಷಗಟ್ಲೆ ಎಣಿಸೋರಿಗೆ ಇದೆಂಥಾ ಬ್ಯಾನಿಪಾ?" ನ್ಯಾಯವಾದ ಪ್ರಶ್ನೆ. ಉತ್ತರ ಹೇಳಲು ಪೈಲಟ್‌ನ ನಂಬರಿನಿಂದಲೇ ಶುರು ಮಾಡಬೇಕು.

ದೊಡ್ಡ ವಿಮಾನ ಕಂಪನಿಗಳಲ್ಲಿ, ಅದರಲ್ಲೂ ಅಮೆರಿಕದಲ್ಲಿ, ಪ್ರತಿ ಪೈಲಟ್‌ಗೂ ಒಂದು ಸೀನಿಯಾರಿಟಿ ನಂಬರ್ ಇರುತ್ತದೆ. ಕಂಪನಿಗೆ ಸೇರಿದ ಕ್ರಮದಲ್ಲಿ ಸಾವಿರಾರು ಜನರ ಒಂದೇ ಪಟ್ಟಿ. ಮೇಲಿನವರು ನಿವೃತ್ತರಾದಂತೆ ಕೆಳಗಿನವರು ಒಂದೊಂದೇ ಮೆಟ್ಟಿಲು ಏರುತ್ತಾರೆ. ಬರುವ ತಿಂಗಳು ಯಾವ ಹಾರಾಟ, ಯಾವ ರಜೆ, ಯಾವ ಊರು ಬೇಸ್, ಯಾವ ಮಾದರಿಯ ವಿಮಾನ ಎಂಬುದನ್ನೆಲ್ಲ ಈ ನಂಬರಿನ ಸರದಿಯಲ್ಲಿ ಆರಿಸಿಕೊಳ್ಳುತ್ತಾರೆ. ಮೇಲಿನವರು ಆರಿಸಿ ಉಳಿದದ್ದು ಕೆಳಗಿನವರಿಗೆ. ದೀಪಾವಳಿಗೆ ಮನೆಯಲ್ಲಿರುವುದೋ, ನಡುರಾತ್ರಿ ಎದ್ದು ವಿಮಾನ ನಿಲ್ದಾಣಕ್ಕೆ ಓಡುವುದೋ, ಅದನ್ನೂ ಆ ನಂಬರೇ ಹೇಳುತ್ತದೆ. ಹೆಗಲ ಮೇಲೆ ನಾಲ್ಕನೇ ಪಟ್ಟೆ ಬಂದು ಬಲಗಡೆಯ ಸೀಟಿನಿಂದ ಕ್ಯಾಪ್ಟನ್‌ನ ಎಡಗಡೆಯ ಸೀಟಿಗೆ ಹೋಗುವುದೂ ಸರದಿಯಲ್ಲೇ. ಕ್ಯಾಪ್ಟನ್ ಸಂಬಳಕ್ಕೂ ಕೋ-ಪೈಲಟ್ ಸಂಬಳಕ್ಕೂ ಬಹಳ ಅಂತರ. ಹಾಗಾಗಿ ಕಮಾಂಡ್, ಅಂದರೆ ಆ ಕ್ಯಾಪ್ಟನ್ ಸೀಟು, ಐದು ವರ್ಷ ತಡವಾದರೆ ಜೀವಮಾನದ ದುಡಿಮೆಯಲ್ಲಿ ಒಂದು ಮನೆ ಕಟ್ಟುವಷ್ಟು ದುಡ್ಡೇ ಹೋದಂತೆ. ಕಷ್ಟಕಾಲ ಬಂದು ಕಂಪನಿ ಜನರನ್ನು ಸಂಬಳವಿಲ್ಲದೆ ಮನೆಗೆ ಕಳಿಸುವಾಗ ಅದೇ ಪಟ್ಟಿಯನ್ನು ಕೆಳಗಿನಿಂದ ಓದುತ್ತಾರೆ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಈ ನಂಬರನ್ನು ಹೊತ್ತುಕೊಂಡು ಬೇರೆ ಕಂಪನಿಗೆ ಹೋಗಲು ಬರುವುದಿಲ್ಲ. ಇಪ್ಪತ್ತು ವರ್ಷ ಕ್ಯಾಪ್ಟನ್ ಆಗಿದ್ದವರೂ ಅಂಥ ಕಂಪನಿಗೆ ಹೊಸದಾಗಿ ಸೇರಿದರೆ ಪಟ್ಟಿಯ ಕೊನೆಯ ಹೆಸರಾಗುತ್ತಾರೆ. ಒಳ್ಳೆಯ ಡಾಕ್ಟರೊಬ್ಬರು ಒಂದು ಆಸ್ಪತ್ರೆ ಬಿಟ್ಟು ಇನ್ನೊಂದಕ್ಕೆ ಹೋದರೆ ಅನುಭವಕ್ಕೆ ತಕ್ಕ ಕುರ್ಚಿ ಸಿಗುತ್ತದೆ. ಪೈಲಟ್‌ಗೆ ಆ ದಾರಿ ಬಹುಮಟ್ಟಿಗೆ ಮುಚ್ಚಿದೆ. ಭಾರತದಲ್ಲಿ ಈ ನಿಯಮ ಅಷ್ಟು ಬಿಗಿಯಾಗಿಲ್ಲ, ಅನುಭವಿ ಕಮಾಂಡರ್‌ಗಳನ್ನು ನೇರವಾಗಿ ಕಮಾಂಡರ್ ಆಗಿಯೇ ಸೇರಿಸಿಕೊಳ್ಳುವುದುಂಟು. ಆದರೂ ಕಮಾಂಡ್ ತರಬೇತಿಗೆ, ದೊಡ್ಡ ವಿಮಾನದ ತರಬೇತಿಗೆ ಯಾರು ಮೊದಲು ಎಂಬ ಪ್ರಶ್ನೆ ಇಲ್ಲಿಯೂ ಪಟ್ಟಿಗೇ ಬಂದು ನಿಲ್ಲುತ್ತದೆ. ಇಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ 200 ಗಂಟೆ ಹಾರಿರಬೇಕು. ಆ ಗಂಟೆಗಳಿಗೆ, ಆಮೇಲೆ ಒಂದು ಮಾದರಿಯ ವಿಮಾನಕ್ಕೆ ಬೇಕಾದ ಟೈಪ್ ರೇಟಿಂಗ್‌ಗೆ ಮನೆಯವರು ಹೊಲ ಅಡವಿಟ್ಟು ಸಾಲ ತರುತ್ತಾರೆ. ಸಾಲದ ಕಂತು ಕಟ್ಟುವ ಹುಡುಗನಿಗೆ ಕಮಾಂಡ್ ಯಾವಾಗ ಬರುತ್ತದೆ ಎಂಬುದೇ ಮನೆಯ ಲೆಕ್ಕ.

ಇಂಥ ಎರಡು ಪಟ್ಟಿಗಳನ್ನು ಒಂದು ಮಾಡಿ ಎಂದರೆ ಏನಾಗುತ್ತದೆ? ಒಂದು ಕಲ್ಪಿತ ಲೆಕ್ಕ ಹಾಕೋಣ. ತುಂಗಾ ಎಂಬ ಹಳೆಯ ಕಂಪನಿ, ಭದ್ರಾ ಎಂಬ ಹೊಸ ಕಂಪನಿ ಕೂಡುತ್ತವೆ ಅಂದುಕೊಳ್ಳಿ. ತುಂಗಾದಲ್ಲಿ 100 ಪೈಲಟ್‌ಗಳು, ಅವರಲ್ಲಿ 50 ಜನ ಕ್ಯಾಪ್ಟನ್‌ಗಳು. ಕಂಪನಿ ಬೆಳೆದಿಲ್ಲ, ಹೊಸಬರನ್ನು ತೆಗೆದುಕೊಂಡಿಲ್ಲ, ಹದಿನಾರು ವರ್ಷ ಸೇವೆಯಾದವರೂ ಇನ್ನೂ ಕೋ-ಪೈಲಟ್. ಭದ್ರಾ ಶುರುವಾಗಿ ಎಂಟೇ ವರ್ಷ. ಅಲ್ಲಿ 200 ಪೈಲಟ್‌ಗಳು, 100 ಕ್ಯಾಪ್ಟನ್‌ಗಳು. ವೇಗವಾಗಿ ಬೆಳೆದದ್ದರಿಂದ ಐದು ವರ್ಷಕ್ಕೇ ಕಮಾಂಡ್ ಸಿಕ್ಕಿದೆ. ಕೂಡಿದ ಮೇಲೆ ಒಟ್ಟು 300 ಜನ, 150 ಕ್ಯಾಪ್ಟನ್ ಸೀಟು.

ತುಂಗಾದವರು ಸೇರಿದ ತಾರೀಖನ್ನು ನೋಡಿ ಎನ್ನುತ್ತಾರೆ. ಮೊದಲು ಬಂದವರು ಮೊದಲು, ಇದಕ್ಕಿಂತ ಸರಳ ನ್ಯಾಯ ಯಾವುದಿದೆ? ಹಾಗೆ ಮಾಡಿದರೆ ತುಂಗಾದ ನೂರಕ್ಕೆ ನೂರು ಜನ ಪಟ್ಟಿಯ ಮೇಲೆ ಕೂರುತ್ತಾರೆ. 150 ಕ್ಯಾಪ್ಟನ್ ಸೀಟುಗಳಲ್ಲಿ 100 ಅವರಿಗೆ ಹೋಗಿ, ಭದ್ರಾದ 100 ಕ್ಯಾಪ್ಟನ್‌ಗಳಿಗೆ ಉಳಿಯುವುದು 50. ನಿನ್ನೆಯವರೆಗೆ ಕ್ಯಾಪ್ಟನ್ ಆಗಿದ್ದ ಐವತ್ತು ಜನ ಪಟ್ಟೆ ಕಳಚಿಟ್ಟು ಬಲಗಡೆಯ ಸೀಟಿಗೆ ಬರಬೇಕು. ಅವರ ಕಂಪನಿ ಚೆನ್ನಾಗಿ ನಡೆದದ್ದೇ ಅವರ ತಪ್ಪು ಎಂಬಂತೆ.

ಭದ್ರಾದವರು ಹೇಳುವುದು ಅನುಪಾತದ ಲೆಕ್ಕ. ಅವರಿಂದ ಒಬ್ಬರು, ನಮ್ಮಿಂದ ಇಬ್ಬರು, ಹೀಗೆ ಹೆಣೆಯುತ್ತ ಹೋಗಿ. ಆಗ ಮೇಲಿನ 150 ಜನರಲ್ಲಿ ತುಂಗಾದ 50, ಭದ್ರಾದ 100. ಯಾರ ಸೀಟೂ ಹೋಗಲಿಲ್ಲ, ಎಲ್ಲರೂ ಇದ್ದಲ್ಲೇ ಇದ್ದಾರೆ. ನೋಡಲು ಎಷ್ಟು ಚಂದ! ಆದರೆ ತುಂಗಾದಲ್ಲಿ ವಯಸ್ಸಾದವರು ಹೆಚ್ಚು. ಬರುವ ಐದು ವರ್ಷದಲ್ಲಿ ಅಲ್ಲಿನ 30 ಕ್ಯಾಪ್ಟನ್‌ಗಳು ನಿವೃತ್ತರಾಗುತ್ತಾರೆ ಎನ್ನಿ. ವಿಲೀನ ಆಗದಿದ್ದರೆ ಆ ಮೂವತ್ತೂ ಸೀಟು ತುಂಗಾದ ಕೋ-ಪೈಲಟ್‌ಗಳಿಗೇ. ಹೆಣೆದ ಪಟ್ಟಿಯಲ್ಲಿ ಅವರಿಗೆ ಸಿಗುವುದು 10, ಭದ್ರಾದವರಿಗೆ 20. ಹದಿನಾರು ವರ್ಷ ಕಾದ ಸೀಟು ಕಣ್ಣೆದುರಿಗೇ ಬಂದು, ಮೂರು ವರ್ಷದ ಹಿಂದೆ ಸೇರಿದವನ ಪಾಲಾಗುತ್ತದೆ. ಇವತ್ತಿನ ಸ್ಥಾನ ಉಳಿಯಿತು, ನಾಳೆಯದು ಹೋಯಿತು.

ಈ ಜಗಳದಲ್ಲಿ ಸುಳ್ಳು ಹೇಳುವವರು ಯಾರೂ ಇಲ್ಲ. ಎರಡು ಗುಂಪಿನ ಕೈಯಲ್ಲಿಯೂ ಸರಿಯಾದ ಲೆಕ್ಕವೇ ಇದೆ. ಹಾಗಾಗಿ ಸಂಧಾನಕಾರರು ಈ ಎರಡನ್ನೂ ಬೆರೆಸುತ್ತಾರೆ. ಇಷ್ಟು ಪಾಲು ಸೇವಾವಧಿಗೆ, ಇಷ್ಟು ಪಾಲು ಈಗಿನ ಸ್ಥಾನಕ್ಕೆ. ಜೊತೆಗೆ ಸೀಟಿನಲ್ಲಿ ಕೂತವರನ್ನು ಎಬ್ಬಿಸಬಾರದು ಎಂಬ ಷರತ್ತು. ಕೆಲವೊಮ್ಮೆ ಬೇಲಿಯನ್ನೂ ಹಾಕುತ್ತಾರೆ: ಇಂತಿಷ್ಟು ವರ್ಷ ತುಂಗಾದ ವಿಮಾನಗಳ ಕ್ಯಾಪ್ಟನ್ ಸೀಟು ತುಂಗಾದವರಿಗೇ. ನನಗೆ ಈ ಬೇಲಿಯೇ ಎಲ್ಲಕ್ಕಿಂತ ಮನುಷ್ಯತ್ವದ ಉಪಾಯ ಅನ್ನಿಸುತ್ತದೆ. ನಿವೃತ್ತಿಗೆ ಹತ್ತಿರವಿರುವವರಿಗೆ ಕಾಯುವಷ್ಟು ಸಮಯ ಉಳಿದಿರುವುದಿಲ್ಲ.

1956ರಲ್ಲಿ ನಮ್ಮಲ್ಲಿ ನಡೆದದ್ದೂ ಹೆಚ್ಚುಕಡಿಮೆ ಇದೇ. ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು ಎಂಬ ಐದು ಆಡಳಿತದ ನೌಕರರು ಒಂದು ಸರ್ಕಾರಕ್ಕೆ ಬಂದರು. ಮದ್ರಾಸಿನಲ್ಲಿದ್ದ ಬಳ್ಳಾರಿ 1953ರಲ್ಲೇ ಮೈಸೂರಿಗೆ ಸೇರಿತ್ತು. ರಾಯಚೂರು, ಅದರೊಳಗೇ ಇದ್ದ ಕೊಪ್ಪಳ ಹೈದರಾಬಾದಿನಿಂದ ಬಂದವು. ಯಾವ ಹುದ್ದೆ ಯಾವುದಕ್ಕೆ ಸಮ ಎಂದು ಅಳೆಯಲು ನಾಲ್ಕು ಅಂಶ ಇಟ್ಟುಕೊಂಡರು: ಹುದ್ದೆಯ ಸ್ವರೂಪ ಮತ್ತು ಕೆಲಸ, ಅದರ ಅಧಿಕಾರ ಮತ್ತು ಹೊಣೆ, ಕನಿಷ್ಠ ವಿದ್ಯಾರ್ಹತೆ, ಸಂಬಳ. ರಾಜ್ಯ ಪುನರ್‌ವಿಂಗಡಣಾ ಕಾಯ್ದೆಯ 115ನೇ ಕಲಮಿನಲ್ಲಿ, ಕೇಂದ್ರದ ಒಪ್ಪಿಗೆಯಿಲ್ಲದೆ ನೌಕರರ ಸೇವಾ ಷರತ್ತುಗಳನ್ನು ಅವರಿಗೆ ನಷ್ಟವಾಗುವಂತೆ ಬದಲಿಸಬಾರದು ಎಂಬ ರಕ್ಷಣೆಯೂ ಇತ್ತು. ಇಷ್ಟಾದರೂ ಮೊಕದ್ದಮೆಗಳು ದಶಕಗಟ್ಟಲೆ ನಡೆದವು. ಬಳ್ಳಾರಿಯವರಿಗೆ ಇನ್ನೂ ಹತ್ತಿರದ ಉದಾಹರಣೆ ಗ್ರಾಮೀಣ ಬ್ಯಾಂಕು. ತುಂಗಭದ್ರಾ ಗ್ರಾಮೀಣ ಬ್ಯಾಂಕು 2005ರಲ್ಲಿ ಪ್ರಗತಿ ಗ್ರಾಮೀಣ ಬ್ಯಾಂಕಾಯಿತು, 2013ರಲ್ಲಿ ಪ್ರಗತಿ ಕೃಷ್ಣಾ, 2019ರಲ್ಲಿ ಕಾವೇರಿಯ ಜೊತೆ ಸೇರಿ ಕರ್ನಾಟಕ ಗ್ರಾಮೀಣ ಬ್ಯಾಂಕು. 2025ರ ಮೇ 1ಕ್ಕೆ ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕೂ ಬಂದು ಕೂಡಿತು. ಪ್ರಧಾನ ಕಚೇರಿ ಬಳ್ಳಾರಿಯಲ್ಲೇ ಉಳಿಯಿತು. ಪ್ರತಿ ಸಲ ಬೋರ್ಡು ಬದಲಾಗುವುದು ಒಂದು ದಿನದ ಕೆಲಸ. ಬಡ್ತಿಯ ಪಟ್ಟಿ ಹೆಣೆಯುವುದು ಎಂಥದೆಂದು ನಮ್ಮೂರಿನ ಎಷ್ಟೋ ಮನೆಗಳಿಗೆ ಬಿಡಿಸಿ ಹೇಳಬೇಕಿಲ್ಲ.

ಪೈಲಟ್‌ಗಳ ವಿಷಯದಲ್ಲಿ ನ್ಯಾಯದ ಕಟ್ಟಳೆಗೆ ಹೆಸರು ಬಂದದ್ದು ಎರಡು ಪ್ರಾದೇಶಿಕ ಕಂಪನಿಗಳ ವಿಲೀನದಿಂದಲೇ. 1972ರಲ್ಲಿ ಅಮೆರಿಕದ ಅಲೆಘೆನಿ ಮತ್ತು ಮೊಹಾಕ್ ಕೂಡಿದಾಗ ಅಲ್ಲಿನ ವಿಮಾನಯಾನ ಮಂಡಳಿ, ಎರಡು ಪಟ್ಟಿಗಳನ್ನು ನ್ಯಾಯವಾಗಿ ಹಾಗೂ ಸಮದರ್ಶಿಯಾಗಿ ಸೇರಿಸಬೇಕು, ಒಪ್ಪಂದವಾಗದಿದ್ದರೆ ಮಧ್ಯಸ್ಥಗಾರರ ಮುಂದೆ ಹೋಗಬೇಕು ಎಂದಿತು. ಮುಂದೆ ಸರ್ಕಾರ ವಿಮಾನಯಾನದ ಹಿಡಿತ ಸಡಿಲಿಸಿದ ಮೇಲೆ ಆ ಕಟ್ಟಳೆಯ ಬಲವೂ ಹೋಯಿತು. 2001ರಲ್ಲಿ ಅಮೆರಿಕನ್ ಏರ್‌ಲೈನ್ಸ್, ದಿವಾಳಿ ಅರ್ಜಿ ಹಾಕಿದ್ದ ಟಿಡಬ್ಲ್ಯುಎ ಎಂಬ ವಿಮಾನ ಕಂಪನಿಯನ್ನು ಕೊಂಡಿತು. ಟಿಡಬ್ಲ್ಯುಎ ಪೈಲಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರನ್ನು, ಗಗನಸಖಿಯರನ್ನಂತೂ ಎಲ್ಲರನ್ನೂ, ಪಟ್ಟಿಯ ತಳಕ್ಕೆ ಸೇರಿಸಲಾಯಿತು. ಅದೇ ವರ್ಷ ಸೆಪ್ಟೆಂಬರ್ 11ರ ದಾಳಿಯಾಗಿ ವಿಮಾನಯಾನವೇ ಕುಸಿಯಿತು. ಮನೆಗೆ ಕಳಿಸುವ ಪಟ್ಟಿಯನ್ನು ಕೆಳಗಿನಿಂದ ಓದತೊಡಗಿದಾಗ ಮೊದಲು ಬಂದವು ಇವರ ಹೆಸರುಗಳೇ. ಆ ನೋವಿನಿಂದ ಹುಟ್ಟಿದ್ದು 2007ರ ಮೆಕಾಸ್ಕಿಲ್-ಬಾಂಡ್ ಕಾನೂನು. ಮಿಸೌರಿಯ ಇಬ್ಬರು ಸೆನೆಟರ್‌ಗಳ ಹೆಸರಿನ ಆ ಕಾನೂನು ಅಲೆಘೆನಿ-ಮೊಹಾಕ್ ಕಟ್ಟಳೆಗೆ ಮತ್ತೆ ಜೀವ ಕೊಟ್ಟಿತು.

ಆದರೆ ಮಧ್ಯಸ್ಥಗಾರರು ಹೇಳಿದ್ದನ್ನು ಒಪ್ಪುವ ಮನಸ್ಸು ಎಲ್ಲಿಂದ ತರುವುದು? 2005ರಲ್ಲಿ ಅಮೆರಿಕ ವೆಸ್ಟ್ ಮತ್ತು ಯುಎಸ್ ಏರ್‌ವೇಸ್ ಕೂಡಿದವು. ನಮ್ಮ ತುಂಗಾ-ಭದ್ರಾ ಲೆಕ್ಕವನ್ನೇ ದೊಡ್ಡದು ಮಾಡಿದಂತಿತ್ತು. ಯುಎಸ್ ಏರ್‌ವೇಸ್ ಹಳೆಯದು, ದಿವಾಳಿ ಎದ್ದಿತ್ತು, ಅಲ್ಲಿ ದೀರ್ಘ ಸೇವೆಯವರೂ ಕೆಲಸವಿಲ್ಲದೆ ಮನೆಯಲ್ಲಿದ್ದರು. ಅಮೆರಿಕ ವೆಸ್ಟ್ ಚಿಕ್ಕದು, ಚುರುಕಾದದ್ದು, ಹೊಸಬರನ್ನು ಸೇರಿಸಿಕೊಳ್ಳುತ್ತಿತ್ತು. 2007ರಲ್ಲಿ ಮಧ್ಯಸ್ಥಗಾರ ಜಾರ್ಜ್ ನಿಕೊಲೌ ತೀರ್ಪು ಕೊಟ್ಟರು. ದೊಡ್ಡ ವಿಮಾನ ಹಾರಿಸುವ ಯುಎಸ್ ಏರ್‌ವೇಸ್‌ನ ಸುಮಾರು ಐದುನೂರು ಜನ ಮೇಲೆ. ಮನೆಯಲ್ಲಿದ್ದವರು, ಎಷ್ಟೇ ವರ್ಷದ ಸೇವೆಯಿರಲಿ, ಕೆಲಸದಲ್ಲಿದ್ದವರೆಲ್ಲರಿಗಿಂತ ಕೆಳಗೆ. ನಡುವಿನವರು ಅನುಪಾತದಂತೆ. 17 ವರ್ಷ ಸೇವೆಯವರು ಕೆಲವೇ ತಿಂಗಳ ಹಿಂದೆ ಸೇರಿದವರ ಪಕ್ಕಕ್ಕೆ ಬಂದು ನಿಂತರು. ಮುಳುಗುತ್ತಿದ್ದ ಕಂಪನಿಯ ಪಟ್ಟಿಗೆ ತೇಲುತ್ತಿದ್ದ ಕಂಪನಿಯ ಪಟ್ಟಿಯಷ್ಟು ಬೆಲೆ ಕೊಡಲಾಗದು ಎಂಬ ತರ್ಕವನ್ನು ನಾನು ಒಪ್ಪುತ್ತೇನೆ. ಆದರೆ 17 ವರ್ಷ ದುಡಿದ ಮನುಷ್ಯನಿಗೆ ಆ ತರ್ಕವನ್ನು ಮುಖ ನೋಡಿ ಹೇಳುವ ಧೈರ್ಯ ನನಗಿಲ್ಲ. ಯುಎಸ್ ಏರ್‌ವೇಸ್ ಕಡೆಯವರು ಸಂಖ್ಯೆಯಲ್ಲಿ ಹೆಚ್ಚಿದ್ದರು. 2008ರಲ್ಲಿ ಮತ ಹಾಕಿ ಹಳೆಯ ಸಂಘವನ್ನೇ ಹೊರಹಾಕಿ ಹೊಸ ಸಂಘ ಕಟ್ಟಿದರು. ಮೊಕದ್ದಮೆಗಳು ಶುರುವಾದವು. ಒಂದೇ ಬಣ್ಣ ಬಳಿದ ವಿಮಾನಗಳನ್ನು ವರ್ಷಗಟ್ಟಲೆ ಎರಡು ಗುಂಪಿನ ಪೈಲಟ್‌ಗಳು ಬೇರೆಬೇರೆಯಾಗಿಯೇ ಹಾರಿಸಿದರು. ಮುಂದೆ ಆ ಕಂಪನಿ ಅಮೆರಿಕನ್ ಏರ್‌ಲೈನ್ಸ್ ಜೊತೆ ಕೂಡಿದ ಮೇಲೆ, 2016ರಲ್ಲಿ ಕೊನೆಯ ಪಟ್ಟಿ ಬಂತು. 2005ರಿಂದ 2016, ಹನ್ನೊಂದು ವರ್ಷ.

ಒಂದಾಗದೆ ಬೇರೆಬೇರೆ ಇದ್ದುದಕ್ಕೆ ಅವರೆಲ್ಲರೂ ದುಡ್ಡಿನಲ್ಲಿಯೂ ಬೆಲೆ ತೆತ್ತರು. ಎರಡು ಗುಂಪಿಗೂ ಒಂದೇ ಪಟ್ಟಿ, ಒಂದೇ ಸಂಬಳದ ಕರಾರು ಎಂಬುವು ಒಂದಕ್ಕೊಂದು ಗಂಟುಬಿದ್ದಿದ್ದವು. ಪಟ್ಟಿಯ ಜಗಳದಲ್ಲಿ ಕರಾರೂ ಸಿಕ್ಕಿಬಿತ್ತು. ವರ್ಷಗಟ್ಟಲೆ ದಿವಾಳಿ ಕಾಲದ ಹಳೆಯ ಸಂಬಳದಲ್ಲೇ ಹಾರಿದವರು ಇದ್ದರು.

ನಮ್ಮ ದೇಶದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಕಂಡದ್ದು 2007ರಲ್ಲಿ, ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಕೂಡಿದಾಗ. ಒಂದು ಹೊರದೇಶಕ್ಕೆ ದೊಡ್ಡ ವಿಮಾನ ಹಾರಿಸುವ ಕಂಪನಿ, ಇನ್ನೊಂದು ದೇಶದೊಳಗೆ ಚಿಕ್ಕ ವಿಮಾನ ಹಾರಿಸುವ ಕಂಪನಿ. ಸಂಬಳದ ಲೆಕ್ಕ ಬೇರೆ, ಭತ್ಯೆ ಬೇರೆ, ಪೈಲಟ್ ಸಂಘಗಳೂ ಬೇರೆ. ವಿಲೀನಕ್ಕೆ ಮೊದಲೇ ಎರಡೂ ಸೇರಿ 111 ಹೊಸ ವಿಮಾನ ಕೊಳ್ಳಲು ಹೊರಟಿದ್ದವು, ಸಾಲ ಬೆಟ್ಟವಾಗುತ್ತಿತ್ತು. ನಾಲ್ಕು ವರ್ಷವಾದರೂ ಸಂಬಳ ಒಂದಾಗಲಿಲ್ಲ. 2011ರ ಏಪ್ರಿಲ್ ಕೊನೆಗೆ ಹಳೆಯ ಇಂಡಿಯನ್ ಏರ್‌ಲೈನ್ಸ್ ಪೈಲಟ್‌ಗಳು ಸಮಾನ ವೇತನ ಕೇಳಿ ಹತ್ತು ದಿನ ಮುಷ್ಕರ ಹೂಡಿದರು. ಎರಡು ಕಡೆಯ ನೌಕರರನ್ನು ಒಂದುಗೂಡಿಸುವ ದಾರಿ ಹೇಳಲು ಅದೇ ವರ್ಷ ಸರ್ಕಾರ ನ್ಯಾಯಮೂರ್ತಿ ಧರ್ಮಾಧಿಕಾರಿ ಸಮಿತಿ ನೇಮಿಸಿತು. 2012ರಲ್ಲಿ ಹೊಸ ಬೋಯಿಂಗ್ 787 ಬರುವ ಹೊತ್ತಿಗೆ ತಿರುಗಿ ಬಿದ್ದವರು ಇನ್ನೊಂದು ಗುಂಪು. ಆ ವಿಮಾನದ ತರಬೇತಿಗೆ ಇಂಡಿಯನ್ ಏರ್‌ಲೈನ್ಸ್‌ನವರನ್ನೂ ಕಳಿಸುವುದೆಂದರೆ ತಮ್ಮ ಕಮಾಂಡ್ ಇನ್ನಷ್ಟು ದೂರ ಹೋದಂತೆ ಎಂದು ಹಳೆಯ ಏರ್ ಇಂಡಿಯಾ ಪೈಲಟ್‌ಗಳು ಕೆಲಸ ಬಿಟ್ಟು ಕೂತರು. ಆ ಮುಷ್ಕರ 58 ದಿನ ನಡೆಯಿತು. ನೂರಕ್ಕೂ ಹೆಚ್ಚು ಪೈಲಟ್‌ಗಳನ್ನು ವಜಾ ಮಾಡಿದರು. ಆ ಹೊತ್ತಿನಲ್ಲಿ ಸಂಬಳ, ಭತ್ಯೆಗಳೇ ತಡವಾಗಿ ಬರುತ್ತಿದ್ದವು ಎಂಬುದನ್ನು ಮರೆತು ಈ ಮುಷ್ಕರವನ್ನು ಬರಿಯ ಹಟ ಎಂದು ಬರೆದವರು ಬಹಳ. ಕೈಗೆ ಬರಬೇಕಾದ ದುಡ್ಡು ಬಾರದಿದ್ದಾಗ ಮನುಷ್ಯ ಮುಂದೆ ಬರಲಿರುವ ಸ್ಥಾನವನ್ನೇ ಗಟ್ಟಿಯಾಗಿ ಹಿಡಿಯುತ್ತಾನೆ.

ಈಗ ಮಾವನ ಪ್ರಶ್ನೆಗೆ ಬರೋಣ. ಪೈಲಟ್‌ಗೆ ಸಂಬಳ ಹಾರಿದ ಗಂಟೆಯ ಲೆಕ್ಕದಲ್ಲಿ. ಹಾರಲಿ ಬಿಡಲಿ, ಇಷ್ಟು ಗಂಟೆಯ ದುಡ್ಡು ಖಾತರಿ ಎಂಬುದೊಂದು ಇರುತ್ತದೆ. ವಿಸ್ತಾರದಲ್ಲಿ ಅದು ತಿಂಗಳಿಗೆ 70 ಗಂಟೆ ಇತ್ತು. ಏರ್ ಇಂಡಿಯಾದ ಲೆಕ್ಕಕ್ಕೆ ಹೊಂದಿಸಿದ ಹೊಸ ಕರಾರಿನಲ್ಲಿ 40 ಗಂಟೆ. ಅದಕ್ಕಿಂತ ಹೆಚ್ಚು ಹಾರಿದರೆ ಹೆಚ್ಚಿನ ದುಡ್ಡು. ಸಾಕಷ್ಟು ಹಾರಿದ ತಿಂಗಳು ನಷ್ಟ ಕಾಣದಿರಬಹುದು. ಆದರೆ ಎಷ್ಟು ಹಾರಬೇಕು ಎಂದು ತೀರ್ಮಾನಿಸುವುದು ಪೈಲಟ್ ಅಲ್ಲ, ಕಂಪನಿಯ ಡ್ಯೂಟಿ ರೋಸ್ಟರ್. ಬ್ಯಾಂಕಿನ ಸಾಲಕ್ಕೆ ಕಂತು ಮಾತ್ರ ಪ್ರತಿ ತಿಂಗಳೂ ಒಂದೇ. ಹೊಟ್ಟೆಪಾಡಿಗೆ ಇರುವ ಖಾತರಿ ಕಡಿಮೆಯಾದರೆ ಕೂಲಿಯವನಿಗೂ ಕ್ಯಾಪ್ಟನ್ನನಿಗೂ ಆಗುವ ಗಾಬರಿ ಒಂದೇ ಜಾತಿಯದು, ಅಂಕಿ ಬೇರೆ. ಇದರ ಜೊತೆಗೆ ನಿವೃತ್ತಿಯ ವಯಸ್ಸೂ ಇತ್ತು: ಏರ್ ಇಂಡಿಯಾದಲ್ಲಿ 58, ವಿಸ್ತಾರದಲ್ಲಿ 60. ಮೇಲಿನವರು ಎರಡು ವರ್ಷ ಹೆಚ್ಚು ಕೂತರೆ ಕೆಳಗಿನವರ ಕಮಾಂಡ್ ಅಷ್ಟು ತಡ. 2024ರ ನವೆಂಬರ್ 12ಕ್ಕೆ ವಿಲೀನ ಮುಗಿಯಿತು.

ಪ್ರಾದೇಶಿಕ ಕಂಪನಿಗಳಲ್ಲಿ ಈ ಗಂಟು ಇನ್ನೂ ಬಿಗಿ. ಅಮೆರಿಕದಲ್ಲಿ ಅನೇಕ ಚಿಕ್ಕ ಕಂಪನಿಗಳು ತಮ್ಮ ಹೆಸರಿನಲ್ಲಿ ಹಾರುವುದೇ ಇಲ್ಲ. ಡೆಲ್ಟಾದಂಥ ದೊಡ್ಡ ಕಂಪನಿ ತನ್ನ ಬಣ್ಣ, ತನ್ನ ಟಿಕೆಟ್ ಇಟ್ಟು, ವಿಮಾನ ಹಾರಿಸುವ ಕೆಲಸವನ್ನು ಗುತ್ತಿಗೆ ಕೊಡುತ್ತದೆ. ಯಾರು ಕಡಿಮೆ ಬೆಲೆಗೆ ಒಪ್ಪುತ್ತಾರೋ ಅವರಿಗೆ ಗುತ್ತಿಗೆ. ಪೈಲಟ್‌ಗಳು ಹಳಬರಾದಂತೆ ಸಂಬಳ ಏರುತ್ತದೆ, ಸಂಬಳ ಏರಿದಂತೆ ಕಂಪನಿ ತುಟ್ಟಿಯಾಗುತ್ತದೆ, ತುಟ್ಟಿಯಾದಂತೆ ಗುತ್ತಿಗೆ ಕೈತಪ್ಪುತ್ತದೆ. ನಂಬಿಕೊಂಡ ಸೀನಿಯಾರಿಟಿಯೇ ಕಂಪನಿಯನ್ನು ತಿನ್ನುವ ವಿಚಿತ್ರ ಇದು. 2001ರಲ್ಲಿ ಪೈಲಟ್‌ಗಳು 89 ದಿನ ಮುಷ್ಕರ ಮಾಡಿ ಸಂಬಳ ಹೆಚ್ಚಿಸಿಕೊಂಡ ಕೋಮ್‌ಏರ್ ಎಂಬ ಪ್ರಾದೇಶಿಕ ಕಂಪನಿ 2012ರಲ್ಲಿ ಬಾಗಿಲು ಹಾಕಿತು.

ಪಿನಾಕಲ್ ಎಂಬ ಕಂಪನಿಯ ಕಥೆಯಲ್ಲಿ ಇದೆಲ್ಲ ಒಟ್ಟಿಗೇ ಸಿಗುತ್ತದೆ. 2007ರಲ್ಲಿ ಅದು ಕೋಲ್ಗನ್ ಏರ್ ಎಂಬ ಚಿಕ್ಕ ಕಂಪನಿಯನ್ನು ಕೊಂಡಿತು. 2009ರ ಫೆಬ್ರವರಿಯಲ್ಲಿ ಕೋಲ್ಗನ್‌ನ ವಿಮಾನ ಬಫಲೋ ನಗರದ ಬಳಿ ಬಿದ್ದು 50 ಜನ ಸತ್ತರು. ಟಿಕೆಟಿನ ಮೇಲೆ ಇದ್ದದ್ದು ಕಾಂಟಿನೆಂಟಲ್ ಎಂಬ ದೊಡ್ಡ ಕಂಪನಿಯ ಹೆಸರು. ಕೆಲಸದ ಊರಿನಲ್ಲಿ ಮನೆ ಮಾಡದೆ, ದೇಶದ ಆ ತುದಿಯ ಸಿಯಾಟಲ್‌ನಿಂದ ರಾತ್ರಿಯಿಡೀ ಪ್ರಯಾಣಿಸಿ ಆ ಕೋ-ಪೈಲಟ್ ಡ್ಯೂಟಿಗೆ ಬಂದಿದ್ದರು ಎಂದು ತನಿಖೆಯಲ್ಲಿ ಹೊರಬಂತು. ಸಣ್ಣ ಕಂಪನಿಗಳ ಪೈಲಟ್‌ಗಳಿಗೆ ಎಷ್ಟು ಕಡಿಮೆ ಸಂಬಳ ಎಂಬುದು ಆಗ ಅಮೆರಿಕದ ಜನರಿಗೆ ತಿಳಿಯಿತು. ಕೋ-ಪೈಲಟ್‌ಗೂ 1500 ಗಂಟೆಯ ಅನುಭವ ಬೇಕೆಂಬ ಅಲ್ಲಿನ ನಿಯಮ ಈ ದುರಂತದ ನಂತರ ಬಂದದ್ದು.

2010ರಲ್ಲಿ ಪಿನಾಕಲ್ ಮೆಸಾಬ ಎಂಬ ಹಳೆಯ ಕಂಪನಿಯನ್ನೂ ಡೆಲ್ಟಾದಿಂದ ಕೊಂಡಿತು. ಈಗ ಮೂರು ಪಟ್ಟಿ. ಮೆಸಾಬದಲ್ಲಿ ದೀರ್ಘ ಸೇವೆಯವರು, ಪಿನಾಕಲ್‌ನಲ್ಲಿ ಬಹುಕಾಲ ಹೊಸ ಕರಾರಿಲ್ಲದೆ ಕಡಿಮೆ ಸಂಬಳಕ್ಕೆ ಹಾರಿದವರು, ಕೋಲ್ಗನ್‌ನಲ್ಲಿ ಹೊಸಬರು. 2011ರಲ್ಲಿ ಮೂವರಿಗೂ ಒಂದೇ ಕರಾರಾಗಿ ಸಂಬಳ ಏರಿತು, ಮಧ್ಯಸ್ಥಗಾರರ ಮೂಲಕ ಒಂದೇ ಪಟ್ಟಿಯೂ ಆಯಿತು. ಪಟ್ಟಿಗಾಗಿ ಅಷ್ಟು ಗುದ್ದಾಡಿದವರಿಗೆ ಸಿಕ್ಕ ನೆಮ್ಮದಿ ಬಹಳ ದಿನ ಉಳಿಯಲಿಲ್ಲ. 2012ರ ಏಪ್ರಿಲ್ 1ಕ್ಕೆ ಕಂಪನಿ ದಿವಾಳಿ ಅರ್ಜಿ ಹಾಕಿ, ಏರಿದ ಸಂಬಳವನ್ನು ಇಳಿಸಿ ಎಂದು ಪೈಲಟ್‌ಗಳ ಮುಂದೆ ಬಂದು ನಿಂತಿತು.

ಇಂಥ ಹೊತ್ತಿನಲ್ಲಿ ಪೈಲಟ್ ಎದ್ದು ಹೋಗುವುದಾದರೂ ಎಲ್ಲಿಗೆ? ನಮ್ಮ ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣದಿಂದ 2017ರ ಸೆಪ್ಟೆಂಬರ್‌ನಲ್ಲಿ ಸಣ್ಣ ಊರುಗಳಿಗೆ ವಿಮಾನ ತರುವ ಉಡಾನ್ ಯೋಜನೆಯಡಿ ಹೈದರಾಬಾದಿಗೆ ಟ್ರೂಜೆಟ್ ಕಂಪನಿಯ ಎಟಿಆರ್ ಎಂಬ ಚಿಕ್ಕ ವಿಮಾನ ಹಾರತೊಡಗಿದಾಗ ನಾವು ಎಷ್ಟು ಸಂಭ್ರಮಪಟ್ಟಿದ್ದೆವು. 2022ರ ಫೆಬ್ರವರಿಗೆ ಆ ಕಂಪನಿಯ ಹಾರಾಟವೇ ನಿಂತಿತು. ಕೊಳ್ಳುವವರೂ ಸಿಗದೆ ಕಂಪನಿ ನಿಂತರೆ ಹೆಣೆಯಲು ಪಟ್ಟಿಯೇ ಇರುವುದಿಲ್ಲ. ಪಿನಾಕಲ್ ಪೈಲಟ್‌ಗಳ ಎದುರು ಇದ್ದದ್ದೂ ಈ ಪ್ರಪಾತವೇ. ಅವರು ಸಂಬಳ ಕಡಿತಕ್ಕೆ ಒಪ್ಪಿದರು. ಬದಲಿಗೆ ಕೇಳಿ ಪಡೆದದ್ದು, ಮುಂದೆ ಡೆಲ್ಟಾದ ಪೈಲಟ್ ಆಗಲು ಒಂದು ದಾರಿ. 2013ರಲ್ಲಿ ಕಂಪನಿ ಎಂಡೆವರ್ ಏರ್ ಎಂಬ ಹೊಸ ಹೆಸರಿನಲ್ಲಿ ಡೆಲ್ಟಾದ ಅಂಗಸಂಸ್ಥೆಯಾಯಿತು. ಕೈಯಲ್ಲಿದ್ದ ದುಡ್ಡು ಕೊಟ್ಟು ಅವರು ಕೊಂಡದ್ದು ದೊಡ್ಡ ಪಟ್ಟಿಯ ತಳದಲ್ಲಿ ಒಂದು ನಂಬರಿನ ಆಸೆಯನ್ನು.

ಮಾವನಿಗೆ ಇಷ್ಟೆಲ್ಲ ಹೇಳಿದ ಮೇಲೆ ಅವರು ಪೇಪರ್ ಮಡಚಿ, "ಹಂಗಾರ ನಿಮ್ಮಜ್ಜನ ಕೇಸು ಕಡೀಗೆ ಏನಾತು?" ಎಂದರು. ಅಜ್ಜನ ನಂಬರ್ ಸರಿಯಾಯಿತು, ನಿವೃತ್ತಿಯಾಗಿ ಮೂರು ವರ್ಷಕ್ಕೆ. ಆದೇಶದ ಪ್ರತಿಯೂ ಅದೇ ಟ್ರಂಕಿನಲ್ಲಿ, ಪಟ್ಟಿಯ ಕೆಳಗೆ ಇತ್ತು.